ಏಳನೇ ನಂಬರು

ಸಾಲಗಾಮೆ ರಸ್ತೆಯ ಸರ್ಕಾರಿ ಶಾಲೆಗೆ ಎದುರು
ನನ್ನದೊಂದು ಅಂಗಡಿ; ಅಗಲ ಎರಡು ಮಾರು.
ಆ ವರ್ಷ ಚಿಪ್ಸು ಕಂಪನಿಯ ಹುಡುಗ ಲೋಹಿತಾಶ್ವ
ಬೈಕಿನ ಹಿಂದೆ ಹೀರೋನನ್ನು ಕಟ್ಟಿಕೊಂಡು ಬಂದ.
ರಟ್ಟಿನವನು, ಆಳೆತ್ತರ, ಕೈಯಲ್ಲಿ ಐದು ರೂಪಾಯಿಯ ಪೊಟ್ಟಣ.

‘ಅಕ್ಕ, ಸಿನಿಮಾ ಬರೋ ತನಕ ಇವನು ಇಲ್ಲೇ ನಿಂತಿರಲಿ.
ಪೊಟ್ಟಣಕ್ಕೊಂದು ಕಾರ್ಡು. ಒಂಬತ್ತೂ ಕೂಡಿಸಿದವರಿಗೆ ಟಿಕೆಟ್ಟು ಪುಕ್ಕಟೆ.’

ಆಲೂಗಡ್ಡೆ ನಮಗೇನು ಹೊಸದೇ?
ನನ್ನ ತವರು ದುದ್ದದ ಕಡೆ; ಮುಂಗಾರಿಗೆ ಮುಂಚೆ
ಬೀಜದ ಗಡ್ಡೆ ಕೊಯ್ದು ಕೊಯ್ದು ಬೆರಳ ಸಂದಿಯೆಲ್ಲ ಕಪ್ಪು.
ಅದೇ ಗಡ್ಡೆ ಎಲ್ಲೋ ಹೋಗಿ, ಎಲೆಯಷ್ಟು ತೆಳ್ಳಗಾಗಿ,
ಗಾಳಿ ತುಂಬಿಸಿಕೊಂಡು, ಸಿನಿಮಾದವನ ಕೈಹಿಡಿದು
ನನ್ನ ಗಲ್ಲಾದ ಮುಂದೆ ನೇತುಬಿತ್ತು.

ಮೊದಲ ವಾರ ಹೀರೋಗಾಗಿ ಕಿತ್ತಾಟ.
ಎರಡನೇ ವಾರ ಎಲ್ಲಿ ನೋಡಿದರೂ ಹೀರೋನೇ: ಚರಂಡಿಯಲ್ಲಿ,
ಕಂಪಾಸು ಡಬ್ಬಿಯಲ್ಲಿ, ಸೈಕಲ್ಲಿನ ಕಡ್ಡಿಗೆ ಸಿಕ್ಕಿಸಿದರೆ
ಪಟಪಟ ಸದ್ದು ಮಾಡುವ ಹೀರೋ.
ಯಾರಿಗೂ ಬೇಡವಾದವನು ಹೀರೋಯಿನ್ನಿನ ಅಪ್ಪ.
ಸಿಗದವನು ಒಬ್ಬನೇ,
ಏಳನೇ ನಂಬರು, ಹುಬ್ಬು ಸೀಳಿದ ವಿಲನ್ನು.

ಹಿಂದಿನ ಬೆಂಚಿನವರು ದರ ಕಟ್ಟಿದರು:
ಒಬ್ಬ ವಿಲನ್ನಿಗೆ ಹನ್ನೆರಡು ಹೀರೋ.
ಶನಿವಾರ ಬೆಳಗಿನ ಶಾಲೆ ಬಿಡುವಷ್ಟರಲ್ಲಿ ಹದಿನೆಂಟು.
ಎಪಿಎಂಸಿಯಲ್ಲೂ ಇಷ್ಟು ಬೇಗ ರೇಟು ಏರಿದ್ದು ನಾ ಕಾಣೆ.
ಆರನೇ ಕ್ಲಾಸಿನ ತಬ್ರೇಜ ಪೊಟ್ಟಣ ಕಿವಿಗಿಟ್ಟು ಅಲ್ಲಾಡಿಸುತ್ತಿದ್ದ,
ಡಾಕ್ಟರ ಹಾಗೆ ಕಣ್ಣು ಮುಚ್ಚಿ.
‘ಇದರಲ್ಲಿ ಅವನಿಲ್ಲ ಅಕ್ಕ, ಇದು ಬರೀ ಒಳ್ಳೆಯವನು.’

ಸಿನಿಮಾ ಬಂತು. ಮಗಳನ್ನು ಕರಕೊಂಡು ನಾನೂ ಹೋದೆ.
ಹೀರೋ ಗಾಜು ಒಡೆದು ಇಳಿದಾಗ
ಮುಂದಿನ ಸಾಲಿನ ನಮ್ಮ ಶಾಲೆ ಕೆಮ್ಮಿತು, ಅಷ್ಟೆ.
ಹುಬ್ಬು ಸೀಳಿದವನು ಬಾಗಿಲಲ್ಲಿ ಬರೀ ನಿಂತ:
ಶಿಳ್ಳೆ! ಕಾಗದದ ಚೂರು! ‘ಏಳು! ಏಳು!’
ಪಕ್ಕದಲ್ಲಿದ್ದ ಯಾರೋ ಹಿರಿಯರು
ತಮಗೇ ಹೇಳಿದ್ದೆಂದುಕೊಂಡು ಎದ್ದು ನಿಂತರು.

ಹನ್ನೊಂದೇ ದಿನಕ್ಕೆ ಸಿನಿಮಾ ಎತ್ತಿದರು.
ರಟ್ಟಿನವನನ್ನು ಒಯ್ಯಲು ಲೋಹಿತಾಶ್ವ ಬರಲೇ ಇಲ್ಲ;
ಈಗ ಸೋಪಿನ ಕಂಪನಿಯಲ್ಲಂತೆ, ಬೈಕಿಗೆ ಬೇರೆ ಹೀರೋ.
ಇವನನ್ನು ಅಡ್ಡ ಮಲಗಿಸಿ
ಅಕ್ಕಿ ಮೂಟೆಯ ಕೆಳಗೆ ಹಾಸಿದೆ. ತೇವ ಕುಡಿಯುತ್ತಾನೆ, ಪಾಪ,
ನಗು ಮಾತ್ರ ಮೂಟೆಯಾಚೆ ಇಣುಕುತ್ತದೆ.

ಪರೀಕ್ಷೆಯ ದಿನ ತಬ್ರೇಜ ಬಂದ.
ಪೆನ್ನು ಬೇಕು, ಮೂರು ರೂಪಾಯಿ ಕಮ್ಮಿ.
ಒಳಜೇಬಿನಿಂದ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ
ಏಳನೆಯವನನ್ನು ತೆಗೆದು ಗಲ್ಲಾದ ಮೇಲಿಟ್ಟ.
ಮಾತಿಲ್ಲ.

ಅದರ ಬೆಲೆ ಬಿದ್ದು ತಿಂಗಳಾಗಿತ್ತು.
ನನಗೂ ಗೊತ್ತು, ಅವನಿಗೂ.
ಪೆನ್ನು ಕೊಟ್ಟೆ.
ಚಿಲ್ಲರೆ ಅಂತ ಒಂದು ರೂಪಾಯಿಯನ್ನೂ ಎಣಿಸಿ ಕೊಟ್ಟೆ.