ಅಕ್ಷರಕ್ಕೆ ಎರಡು ಪೆನ್ನಿ

ದೊರೆಸಾನಿಯ ಚೀಟಿ ಬಂದಿದೆ. ಕರಿಯಂಚಿನ ಕಾಗದ.
ಸರ್ ಮಾರ್ಮಡ್ಯೂಕ್ ಹೆಸಲ್ಡೆನ್, ಆರನೆಯ ಬ್ಯಾರೊನೆಟ್,
ಇಪ್ಪತ್ತೇಳು ವರ್ಷ ಪಾರ್ಲಿಮೆಂಟಿನ ಸದಸ್ಯ,
ಬಡವರ ಬಂಧು.
ಅಕ್ಷರಕ್ಕೆ ಎರಡು ಪೆನ್ನಿ ನನ್ನ ದರ.
ಬಿರುದಿಗೂ ಅಷ್ಟೆ, ಹೆಸರಿಗೂ ಅಷ್ಟೆ,
ಸುಳ್ಳಿಗೂ ಅಷ್ಟೆ.

ಕಲ್ಲು ಅವರದೇ ಗುಡ್ಡದ್ದು.
ಆ ಗುಡ್ಡ ಒಂದು ಕಾಲಕ್ಕೆ ಯಾರದೂ ಅಲ್ಲ,
ಅಂದರೆ ನಮ್ಮೆಲ್ಲರದು;
ನನ್ನಜ್ಜಿಯ ನಾಲ್ಕು ಹೆಬ್ಬಾತು, ಒಂದು ಕುಂಟು ಹಸು
ಅಲ್ಲಿ ಮೇಯುತ್ತಿದ್ದವು.
ಲಂಡನ್ನಿನಿಂದ ಒಂದು ಮಸೂದೆ ಬಂತು,
ಅದರ ಹಿಂದೆ ಸರಪಳಿ ಹಿಡಿದ ಅಳತೆಯವರು,
ಅವರ ಹಿಂದೆ ಗಾಡಿಗಟ್ಟಲೆ ಮುಳ್ಳಿನ ಸಸಿ.
ಆ ಬೇಲಿಗೀಗ ನನ್ನಷ್ಟೇ ವಯಸ್ಸು.
ಮೇ ತಿಂಗಳಲ್ಲಿ ಬೆಳ್ಳಗೆ ಹೂ ಬಿಡುತ್ತದೆ,
ಸಿಟ್ಟು ಮಾಡಿಕೊಳ್ಳುವುದೂ ಮರೆತುಹೋಗುವಷ್ಟು.

ಅದು ಅವರಪ್ಪನ ಕೆಲಸ. ನ್ಯಾಯ ಹೇಳಬೇಕಲ್ಲ.
ಇವರು ಮಾಡಿದ್ದು ಬೇರೆ:
ನಮ್ಮ ಓಣಿಯ ಹನ್ನೊಂದು ಮನೆ ಕಿತ್ತು
ಗುಡ್ಡದಾಚೆ ಕಟ್ಟಿಸಿದರು.
ಊಟದ ಕೋಣೆಯ ಕಿಟಕಿಗೆ ನಮ್ಮ ಒಲೆಯ ಹೊಗೆ ಕಾಣುತ್ತಿತ್ತಂತೆ.
ಹೊಸ ಮನೆಗೆ ಹೆಂಚು, ಒಳ್ಳೆಯ ಬಾವಿ. ಅದೂ ನಿಜ.
ತಂಗಿಯ ಕೆಮ್ಮು ಅಲ್ಲಿ ನಿಂತಿತು.
ಅವ್ವ ಮಾತ್ರ ಸಾಯುವವರೆಗೂ
ಸಂಜೆಯಾದರೆ ಹಳೆಯ ದಾರಿಗೇ ತಿರುಗುತ್ತಿದ್ದಳು.

ಚುನಾವಣೆಗೊಮ್ಮೆ ಅಂಗಳಕ್ಕೆ ಬರುವರು,
ಹಳದಿ ದೂಳಿಗೆ ಕರವಸ್ತ್ರ ಮೂಗಿಗೆ ಹಿಡಿದು.
ನನಗೆ ಮತವಿಲ್ಲವೆಂದು ಅವರಿಗೂ ಗೊತ್ತು,
ಆದರೂ ಕೈ ಕುಲುಕುವರು.
ಒಂದು ಸಲ ಗೌಟಿನ ಕಾಲು ಚಾಚಿ
ಹೆಸರಿಲ್ಲದ ಕಲ್ಲೊಂದರ ಮೇಲೆ ಕೂತರು.
“ಜಾಬೆಜ್, ನನ್ನದಕ್ಕೆ ಎಷ್ಟಾದೀತು?”
“ಏನು ಬರೆಸುತ್ತೀರಿ ಅನ್ನುವುದರ ಮೇಲೆ, ಧಣಿ.”
ತುಂಬ ಹೊತ್ತು ಸುಮ್ಮನಿದ್ದರು.
“ಕುದುರೆಗಳು ನನ್ನ ಮಾತು ಕೇಳುತ್ತಿದ್ದವು.
ಅಷ್ಟು ಸಾಕಲ್ಲ?”
ಎಣಿಸಿ ಹೇಳಿದೆ. ಅಗ್ಗವಾಯಿತು ಅಂದು ನಕ್ಕರು.
ಎದ್ದಾಗ ಕೋಟಿನ ಹಿಂಭಾಗವೆಲ್ಲ ದೂಳು.
ನಾನೂ ಹೇಳಲಿಲ್ಲ, ಗಾಡಿಯವನೂ ಹೇಳಲಿಲ್ಲ.

ಈಗ ಉಳಿ ಹಿಡಿದಿದ್ದೇನೆ.
ಏನು ಉಳಿಯುತ್ತದೆ ಎಂದು ಉಳಿಗೆ ಗೊತ್ತು.
ನಮ್ಮ ಮರಳುಗಲ್ಲು ಮೆದು,
ಈ ಕಡಲಗಾಳಿಗೆ ಅರವತ್ತು ವರ್ಷ ತಡೆದರೆ ಹೆಚ್ಚು;
ಮೊದಲು ಅಳಿಯುವುದು ತೆಳ್ಳಗೆ ಕೊರೆದದ್ದು.
ಸರ್ ಎಂಬುದನ್ನು ಆಳವಾಗಿಯೇ ಇಳಿಸಿದೆ,
ಪಾರ್ಲಿಮೆಂಟನ್ನೂ.
ಬಡವರ ಬಂಧುವಿಗೆ ಬರುವ ಹೊತ್ತಿಗೆ
ಬೆಳಕು ಕಂದಿತ್ತು, ಕೈ ಸೋತಿತ್ತು.
ಹಾಗೆಂದೇ ಇಟ್ಟುಕೊಳ್ಳಿ.

ಚೀಟಿಯ ಬೆನ್ನಿಗೆ ಲೆಕ್ಕ ಬರೆದು ಕಳಿಸಿದೆ.
ಕಲ್ಲಿನ ಬುಡದಲ್ಲಿ, ಮಣ್ಣೊಳಗೆ ಇಳಿಯುವಲ್ಲಿ,
ಇನ್ನೊಂದು ಸಾಲಿದೆ, ಕುದುರೆಗಳದ್ದು.
ಅದು ಲೆಕ್ಕದಲ್ಲಿ ಸೇರಿಲ್ಲ.