ಇಷ್ಟಕ್ಕಿಂತ ಹೆಚ್ಚಿಲ್ಲ

ಪೆರೇಸಂದ್ರದ ಆಚೆ, ಹೈವೇ ಬಿಟ್ಟು ಎರಡು ಮೈಲಿ,
ನನ್ನ ಒಂದೂವರೆ ಎಕರೆ ಸೇವಂತಿಗೆಗೆ
ರಾತ್ರಿ ಹತ್ತರಿಂದ ಎರಡರವರೆಗೆ ಹಗಲು.
ಆರುನೂರು ಬಲ್ಬು. ಕತ್ತಲೆ ಉದ್ದವಾಯಿತೆಂದು ಗೊತ್ತಾದರೆ
ಗಿಡ ಅವಸರಕ್ಕೆ ಬಿದ್ದು ಮೊಗ್ಗು ಹಿಡಿಯುತ್ತದೆ,
ಹಬ್ಬದ ರೇಟಿಗೆ ಮೊದಲೇ ಅರಳಿಬಿಡುತ್ತದೆ.
ಅದಕ್ಕೇ ಈ ಸುಳ್ಳು.

ನಸ್ರೀನ್ ಮೇಡಂ ಬಂದದ್ದು ಅಮಾವಾಸ್ಯೆಯ ರಾತ್ರಿ,
ಗುಡಿಬಂಡೆಯಿಂದ, ಕಾಲೇಜು ಹುಡುಗನ ಬೈಕಿನ ಹಿಂದೆ ಕೂತು,
ತೊಡೆಯ ಮೇಲೆ ಟಿಫನ್ ಕ್ಯಾರಿಯರಿನಷ್ಟು ಒಂದು ಪೆಟ್ಟಿಗೆ.
"ಅಕ್ಕಾಯಮ್ಮ, ಒಂದು ಹತ್ತು ನಿಮಿಷ ಆರಿಸ್ತೀರಾ?
ಆಕಾಶದ ಬೆಳಕು ಅಳೀಬೇಕು."
ನಕ್ಷತ್ರದ್ದಾ ಅಂದೆ.
ಅಲ್ಲವಂತೆ. ನಕ್ಷತ್ರ ನಕ್ಷತ್ರದ ನಡುವೆ ಕಪ್ಪಿದೆಯಲ್ಲ,
ಅದರದ್ದು.

ದೂರದ ಗೆಲಾಕ್ಸಿಗಳು, ಲೆಕ್ಕ ತಪ್ಪುವಷ್ಟು,
ಹುಟ್ಟಿದಾಗಿನಿಂದ ಚೆಲ್ಲಿದ್ದೆಲ್ಲ
ಎಲ್ಲೂ ಹೋಗಿಲ್ಲವಂತೆ, ತೆಳ್ಳಗಾಗಿ ಇಲ್ಲೇ ಇದೆಯಂತೆ,
ಕೆರೆಗೆ ಸುರಿದ ಒಂದು ಲೋಟ ಹಾಲಿನ ಹಾಗೆ.
ಒಂದೊಂದನ್ನೇ ಎಣಿಸಿ ಕೂಡಿದವರೂ ಇದ್ದಾರಂತೆ.
ಒಟ್ಟು ರಾಶಿ ತೂಗಿದರೆ ಆ ಲೆಕ್ಕಕ್ಕೆ ತಾಳೆಯಾಗಬೇಕು.
ಆಗದಿದ್ದರೆ, ಎಣಿಕೆಗೆ ಸಿಗದ್ದು ಏನೋ ಉಂಟು.

ನಾನು ಸ್ವಿಚ್ಚಿನ ಹಿಡಿ ಇಳಿಸಿದೆ.
ಹೊಲ ಇದ್ದಕ್ಕಿದ್ದಂತೆ ದೊಡ್ಡದಾಯಿತು.

ಕೆಂಪು ಕಾಗದ ಸುತ್ತಿದ ಟಾರ್ಚು ಹಿಡಿದು
ಮೇಡಂ ನೋಟ್‌ಬುಕ್ಕಿನಲ್ಲಿ ಕಳೆಯತೊಡಗಿದರು:
ತೆಂಕಣಕ್ಕೆ ಏರ್‌ಪೋರ್ಟಿನ ಹಳದಿ ಮಬ್ಬು, ಅದು ಹೋಯಿತು.
ಗಾಳಿಯೇ ರಾತ್ರಿ ಮಿಣುಕುತ್ತದಂತೆ, ಅದೂ ಹೋಯಿತು.
ಸೂರ್ಯನ ಸುತ್ತ ತೇಲುವ ಧೂಳು ಮುಡಿದ ಬಿಸಿಲು,
ಅದೇ ಎಲ್ಲಕ್ಕಿಂತ ಕಷ್ಟ.
ಆಮೇಲೆ ನಮ್ಮ ನೆರೆಹೊರೆಯ ನಕ್ಷತ್ರಗಳು.
ನನಗಿದು ಗೊತ್ತು. ಮಂಡಿಯಲ್ಲಿ ಕಂಡಿದ್ದೇನೆ:
ಚೀಲದ ತೂಕ ಕಳಿ, ಇಬ್ಬನಿಯ ತೂಕ ಕಳಿ,
ತೊಟ್ಟಿಗೆ ಇಷ್ಟು, ದಲ್ಲಾಳಿಯ ಬಾಯಿಗೆ ಇಷ್ಟು ಸೂಟು,
ಕೈಗೆ ಬರುವಾಗ ಬಸ್ ಚಾರ್ಜು.

ಕೊನೆಗೆ ಉಳಿದದ್ದು
ಕಳೆಯುವಾಗ ಆಗಿರಬಹುದಾದ ತಪ್ಪಿಗಿಂತ ಚಿಕ್ಕದು.
ಹಾಗಾದರೆ ಸೊನ್ನೆ ಬರೀರಿ ಅಂದೆ, ಪಾಪ ಅನ್ನಿಸಿ.
ಬರೆಯಬಾರದಂತೆ.
'ಇಷ್ಟಕ್ಕಿಂತ ಹೆಚ್ಚಿಲ್ಲ' ಅಂತ ಬರೆದು,
ಕೆಳಗೆ ತಾರೀಖು, ಊರು,
'ದೀಪ ಆರಿಸಿದವರು: ಅಕ್ಕಾಯಮ್ಮ.'
ಮೂವತ್ತು ವರ್ಷದಲ್ಲಿ ಯಾವ ಮಂಡಿಯೂ
ಇಷ್ಟು ನಿಯತ್ತಿನ ಚೀಟಿ ಕೊಟ್ಟಿಲ್ಲ ನನಗೆ.

ಹೊರಡುವಾಗ ಬೋರ್‌ವೆಲ್ ಮೂಲೆಗೆ ಕರೆದೊಯ್ದೆ.
ಅಲ್ಲೊಂದು ಬಲ್ಬು ಸುಟ್ಟು ಎರಡು ತಿಂಗಳಾಯಿತು,
ಬದಲಾಯಿಸಲು ಬೇಜಾರು.
ಅದರಡಿಯ ಏಳೆಂಟು ಗಿಡ ಮಾತ್ರ
ಚಾಪೆಯಗಲ ಅರಳಿ ನಿಂತಿವೆ.
ಮೇಡಂ ಕುಕ್ಕರಗಾಲಲ್ಲಿ ಕೂತರು.
"ಎಷ್ಟು ಬೆಳಕಿದ್ರೆ ಇವಕ್ಕೆ ಗೊತ್ತಾಗುತ್ತೆ?"
ನಿಮ್ಮ ಪೆಟ್ಟಿಗೇನೇ ಕೇಳಿ ಅಂದೆ.
ಅವರು ಪೆಟ್ಟಿಗೆಯನ್ನು ಹೂವಿನ ಪಕ್ಕ ಇಟ್ಟು
ಏನೂ ಒತ್ತದೆ ಸುಮ್ಮನಿದ್ದರು.

ಹತ್ತು ನಿಮಿಷ ಅಂದದ್ದು ನಲವತ್ತಾಗಿತ್ತು.
ಹಿಡಿ ಮೇಲೆತ್ತಿದೆ. ಆರುನೂರಕ್ಕೆ ಒಂದು ಕಡಿಮೆ
ಬಲ್ಬು ಹತ್ತಿದವು,
ಹೊಲ ಮತ್ತೆ ಒಂದೂವರೆ ಎಕರೆಯಾಯಿತು.