ನಾಲ್ಕು ಡಿಗ್ರಿ

ಹಾಸನದ ಕೈಗಾರಿಕಾ ಪ್ರದೇಶದ ಎರಡನೇ ಅಡ್ಡರಸ್ತೆ.
ಅತ್ತ ಸಾಯದೆ ಇತ್ತ ಬದುಕದೆ ನಿಂತಿದ್ದ ಕೋಲ್ಡ್ ಸ್ಟೋರೇಜಿಗೆ
ನ್ಯಾಯಮಂಡಳಿ ನನ್ನನ್ನು ಯಜಮಾನಿ ಮಾಡಿತು,
ನೂರೆಂಬತ್ತು ದಿನಕ್ಕೆ.
ಕೈಗೆ ಬಂದದ್ದು ಒಂದು ಆದೇಶ, ಹದಿಮೂರು ಬೀಗದ ಕೈ
(ಒಂಬತ್ತಕ್ಕೆ ಬೀಗವೇ ಇರಲಿಲ್ಲ),
ಒಳಗೆ ಕತ್ತಲಲ್ಲಿ ನಲವತ್ತೊಂದು ಸಾವಿರ ಚೀಲ
ಜಲಂಧರದ ಬಿತ್ತನೆ ಆಲೂಗಡ್ಡೆ.

ಹಳೆ ಯಜಮಾನರು ಪುಟ್ಟಸೋಮಪ್ಪ
ತಮ್ಮ ಕುರ್ಚಿಯೆದುರು, ಬಂದವರ ಕುರ್ಚಿಯಲ್ಲಿ ಕೂತು
‘ಫ್ಯಾನು ಎರಡರಲ್ಲಿಡಿ, ಮೂರಕ್ಕೆ ಕಿರುಗುಟ್ಟುತ್ತೆ’ ಅಂದರು.
ಹಸ್ತಾಂತರ ಅಷ್ಟೇ.

ನಿಂತ ಯಂತ್ರ ತೂಕಕ್ಕೆ ಮಾರುತ್ತದೆ, ಓಡುವ ಯಂತ್ರ ಕೆಲಸಕ್ಕೆ.
ನನ್ನ ಕಸುಬಿನ ಒಟ್ಟು ವಿದ್ಯೆ ಇಷ್ಟು.
ಆದೇಶದ ದಿನದಿಂದ ಬಡ್ಡಿ ಬೆಳೆಯುವಂತಿಲ್ಲ,
ಯಾರೂ ಏನನ್ನೂ ಕಿತ್ತುಕೊಂಡು ಹೋಗುವಂತಿಲ್ಲ.
ಕಾನೂನೂ ಒಂಥರಾ ಶೀತಗೃಹವೇ.
ಆಲೂಗಡ್ಡೆಗೆ ಮಾತ್ರ ಆದೇಶದ ಪ್ರತಿ ತಲುಪಿರಲಿಲ್ಲ.

‘ಐದು ದಾಟಿದ್ರೆ ಕಣ್ಣು ಬಿಡ್ತದೆ ಮೇಡಂ’ ಎಂದ ದಸ್ತಗೀರ್,
ಕಂಪ್ರೆಸರ್ ಆಪರೇಟರ್, ಏಳು ತಿಂಗಳ ಸಂಬಳ ಬಾಕಿ,
ಪೈಪಿಗೆ ಕಿವಿಯಿಟ್ಟು ಮಗುವಿನ ಎದೆ ಆಲಿಸುವಂತೆ:
‘ಎಡಗಡೇದು ಕೆಮ್ತಾ ಐತೆ. ಎಣ್ಣೆ ಬೇಕು. ಇವತ್ತೇ.’

ಕರೆಂಟಿನವರಿಗೆ ಹಳೆ ಬಾಕಿ ಮೂವತ್ತೆಂಟು ಲಕ್ಷ.
ಲೈನ್ ಕೀಳಲು ಏಣಿ ತಂದರು.
ಆದೇಶ ತೋರಿಸಿದೆ, ಚಹಾ ಕೊಟ್ಟೆ, ಹೊಸ ಬಿಲ್ಲು ತಪ್ಪದೆ ಕಟ್ಟುತ್ತೇನೆಂದೆ.
ಏಣಿ ಮಾತ್ರ ವಾರವಿಡೀ ಗೋಡೆಗೆ ಒರಗಿಯೇ ಇತ್ತು.

ಸಾಲಗಾರರ ಸಮಿತಿಯಲ್ಲ, ಸಾಲ ಕೊಟ್ಟವರ ಸಮಿತಿ.
ಈ ತಿದ್ದುಪಡಿಯಲ್ಲೇ ಮೊದಲ ಸಭೆಯ ಅರ್ಧ ಗಂಟೆ ಹೋಯಿತು.
ಬ್ಯಾಂಕಿನ ಲವೀನಾ ಡಿಮೆಲ್ಲೊ ಕೇಳಿದರು:
‘ಚೀಲ ಮಾರಿಬಿಡಿ. ಮೂರು ಕೋಟಿಯಾದರೂ ಬರೋಲ್ಲವೆ?’
ಬರುತ್ತದೆ. ಆದರೆ ಅವು ನಮ್ಮವಲ್ಲ.
ಚೀಲಚೀಲಕ್ಕೂ ಕೆಂಪು ಬಣ್ಣದಲ್ಲಿ ಹೆಸರಿದೆ:
ಕಟ್ಟಾಯದ ಯಾಲಕ್ಕೇಗೌಡ, ದುದ್ದದ ಸಣ್ತಾಯಮ್ಮ,
ಶಾಂತಿಗ್ರಾಮದ ಅಬ್ದುಲ್ ಗನಿ.
ನಮ್ಮದು ಬಾಡಿಗೆ, ಚೀಲಕ್ಕೆ ನೂರಹತ್ತು; ಮತ್ತೆ ಕಾವಲು.
ಲವೀನಾ ಪೆನ್ನಿನ ಮುಚ್ಚಳ ಹಾಕಿದರು. ತೆಗೆದರು. ಹಾಕಿದರು.

ಏಪ್ರಿಲ್ಲಿನ ಗುಡುಗಿಗೆ ಊರೆಲ್ಲ ಕರೆಂಟು ಹೋದ ರಾತ್ರಿ
ಡೀಸೆಲ್ಲಿಗೆ ಉಜ್ಜಿದ್ದು ನನ್ನ ಸ್ವಂತ ಕಾರ್ಡು.
ನಾಲ್ಕೂವರೆ. ನಾಲ್ಕೂ ಮುಕ್ಕಾಲು.
ನಾನು, ದಸ್ತಗೀರ್, ಒಂದು ಟಾರ್ಚು,
ಗೋಡೆಯ ಥರ್ಮಾಮೀಟರಿನ ಕೆಂಪು ಎಳೆ.
ಇಷ್ಟು ಹತ್ತಿರದಿಂದ ನಾನು ಯಾವ ಬ್ಯಾಲೆನ್ಸ್ ಶೀಟನ್ನೂ ಓದಿರಲಿಲ್ಲ.

ಬಾಕಿ ಕೇಳುವ ನಮೂನೆಯಲ್ಲಿ ಅವನು ಬರೆದಿದ್ದ:
ಸಂಬಳ, ಏಳು ತಿಂಗಳು. ಗಮ್‌ಬೂಟು, ಒಂದು ಜೊತೆ.
‘ದಾಖಲೆ ಇದೆಯಾ?’ ಎಂದೆ, ಕೇಳಲೇಬೇಕಾದ ಪ್ರಶ್ನೆ.
ಕಾಲೆತ್ತಿ ತೋರಿಸಿದ.
ಹಿಮ್ಮಡಿಯಿಂದ ಬೆರಳಿನವರೆಗೆ ಸೀಳಿತ್ತು.
ಒಪ್ಪಲಾಗಿದೆ: ರೂ. ಎಂಟುನೂರ ಐವತ್ತು.

ಮೇ ಮೊದಲ ಮಳೆಗೆ ಚೀಲಗಳು ಟ್ರ್ಯಾಕ್ಟರ್ ಹತ್ತಿದವು.
ಇನ್ನು ಕಣ್ಣು ಬಿಡಬಹುದು.
ಖಾಲಿ ಕೋಣೆಗಳನ್ನು ನೋಡಲು ಕೊಳ್ಳುವವರು ಬಂದರು, ಮೂವರು;
ಕೊನೆಗುಳಿದವನು ಒಬ್ಬ.

ಕೊಟ್ಟ ರೂಪಾಯಿಗೆ ಅರವತ್ತೊಂದು ಪೈಸೆ.
ಗುಜರಿಗೆ ಹೋಗಿದ್ದರೆ ಇಪ್ಪತ್ತೆರಡು.
ಹೆಚ್ಚಿಗೆ ಸಿಕ್ಕಿದ್ದು ಮೂವತ್ತೊಂಬತ್ತು,
ಸಿಗದೇ ಹೋದದ್ದೂ ಮೂವತ್ತೊಂಬತ್ತೇ.
ನಾನು ಮೊದಲಿನದನ್ನು ವರದಿಗೆ ಬರೆದೆ,
ಲವೀನಾ ಎರಡನೆಯದನ್ನು ಮೇಲಿನ ಆಫೀಸಿಗೆ.

ನೂರೆಪ್ಪತ್ತೊಂದನೆಯ ದಿನ
ಹೊಸ ಯಜಮಾನನಿಗೆ ಬೀಗದ ಕೈ ಎಣಿಸಿ ಕೊಟ್ಟೆ.
ಬಾಗಿಲಲ್ಲಿ ಏನೋ ನೆನಪಾಗಿ ತಿರುಗಿ,
‘ಫ್ಯಾನು ಎರಡರಲ್ಲಿಡಿ’ ಎಂದೆ.

ಹೊಸ ಬೂಟಿನ ದಸ್ತಗೀರ್ ಬೀಳ್ಕೊಡಲು ಬರಲಿಲ್ಲ.
ಎಡಗಡೆಯದು ಮತ್ತೆ ಕೆಮ್ಮುತ್ತಿತ್ತು.